ಪಾರಿಸಪ್ಪನವರು ಬಿಟ್ಟ ಚುಕ್ಕಿ

ಬನಹಟ್ಟಿಯ ನನ್ನ ಝೆರಾಕ್ಸ್ ಅಂಗಡಿಗೆ ದಿನಕ್ಕೆ ನೂರು ಜನ ಬರುತ್ತಾರೆ. ಅವರಲ್ಲಿ ಯಂತ್ರದ ಮೇಲೇ ಸಂಶಯ ಪಡುವವರು ಪಾರಿಸಪ್ಪನವರೊಬ್ಬರೇ. ಮೂಲ ತೇರದಾಳದವರು, ಈಗ ಅರವತ್ತಾರು ವರ್ಷ. ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ಬರೆದುಕೊಡುವುದು ಅವರ ಕೆಲಸ. ಗ್ರಾಫ್ ಕಾಗದದ ಮೇಲೆ ಒಂದೊಂದೇ ಚೌಕ ತುಂಬಿ ಬರೆದ ಹಾಳೆಯನ್ನು ಅಂಗಿಯೊಳಗೆ ಬನಿಯನ್ನಿಗೆ ತಾಗಿಸಿ ಇಟ್ಟುಕೊಂಡು ಬರುತ್ತಾರೆ. ಅಂಗಡಿಯಲ್ಲಿ ಬೇರೆ ಯಾರಾದರೂ ಇದ್ದರೆ ಹೊರಗೆ ನಿಂತು ರಸ್ತೆ ನೋಡುತ್ತಾರೆ. ಎಲ್ಲರೂ ಹೋದ ಮೇಲೆ ಒಳಗೆ ಬಂದು, ಎರಡು ಪ್ರತಿ ತೆಗೆಸಿ, ಒಂದು ಹಾಳೆ ಮಸಿ ಹತ್ತಿ ಕೆಟ್ಟರೆ ಅದನ್ನೂ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಒಳಗೆ ಸೇರಿಸುತ್ತಾರೆ.

"ಇದರ ಹೊಟ್ಟಿಯೊಳಗ ಒಂದು ಕಾಪಿ ಉಳೀತೈತಂತ. ಖರೇನ?" ಎಂದು ಒಮ್ಮೆ ಕೇಳಿದರು.

"ಇಲ್ರಿ ಕಾಕಾ. ಇದು ಹಳೇ ಮಷಿನ್. ಇದರಾಗ ಏನೂ ಉಳಿಯಂಗಿಲ್ಲ."

"ನಿನಗ ಗೊತ್ತಿರಾಂಗಿಲ್ಲ ಬಿಡು ಗೌರೀಶ."

ಏಳು ವರ್ಷ ಇದೇ ನಡೆದಿದೆ. ಗಿರಾಕಿ ಎಂದು ನಗುತ್ತಿದ್ದೆ, ಆದರೆ ನನಗೂ ಮೈ ಉರಿಯುತ್ತಿತ್ತು. ಕಳ್ಳನೆಂದು ಬಾಯಿಬಿಟ್ಟು ಬೈಯುವವನಿಗೆ ತಿರುಗಿ ಬೈಯಬಹುದು. ಸುಮ್ಮನೆ ನಿಮ್ಮ ಕೈಯನ್ನೇ ನೋಡುತ್ತಾ ನಿಲ್ಲುವವನಿಗೆ ಏನು ಹೇಳುವುದು? ಅವರ ಹೆಂಡತಿ ಬ್ರಾಹ್ಮಿ ಕಾಕಿಯ ಹತ್ತಿರ ಒಂದು ಸಲ ಈ ದೂರು ಹೇಳಿದೆ. ಆಕೆ ನಕ್ಕುಬಿಟ್ಟರು. "ನಿನ್ನ ಮಷಿನ್ ಏನ್ ಬಂತೋ ತಮ್ಮಾ. ಹೊಟ್ಟಿನೋವು ಬಂದು ಡಾಕ್ಟರ್ ಕಡೆ ಹೋದ್ರ ಎಲ್ಲಿ ನೋಯ್ತೈತಿ ಅಂತ ಡಾಕ್ಟರ್‌ಗೂ ಹೇಳಾಂಗಿಲ್ಲ ಇವರು. ಕಲ್ತಂವ ಅದಿಯಲ್ಲ, ನೀನ ಹುಡಕು ಅಂತಾರ."

ಸಂಶಯಕ್ಕೆ ಕಾರಣವೇ ಇರಲಿಲ್ಲ ಎನ್ನಲಾರೆ. ನಮ್ಮೂರಲ್ಲಿ ಒಂದು ದಡಿ ಚೆನ್ನಾಗಿ ಹೋಯಿತೆಂದರೆ ಹದಿನೈದು ದಿನದಲ್ಲಿ ನಾಲ್ಕು ಓಣಿಯ ಮಗ್ಗಗಳ ಮೇಲೆ ಅದೇ ದಡಿ ಏರಿರುತ್ತದೆ. ಅದಕ್ಕೇ ಪಾರಿಸಪ್ಪನವರು ಒಂದು ಉಪಾಯ ಮಾಡಿದ್ದರು. ಅವರ ಪ್ರತಿ ನಕ್ಷೆಯಲ್ಲೂ ಏಳನೆಯ ಎಲೆಯೋ ಹೂವೋ, ಅದರ ಬಲಗಡೆ ಇರಬೇಕಾದ ಒಂದು ಚುಕ್ಕಿ ಇರುವುದಿಲ್ಲ. ಬೇಕೆಂದೇ ಬಿಟ್ಟದ್ದು. ಉಡುವವರಿಗೆ ಅದು ಕಾಣುವುದೇ ಇಲ್ಲ. ಕದ್ದವನು ಮಾತ್ರ ಕಣ್ಣು ಮುಚ್ಚಿಕೊಂಡು ತಪ್ಪನ್ನೂ ಇಳಿಸಿಕೊಳ್ಳುತ್ತಾನೆ, ಅಲ್ಲಿ ಸಿಕ್ಕಿಬೀಳುತ್ತಾನೆ. ಹೀಗೆ ಮೂವರು ಮಗ್ಗದ ಮಾಲೀಕರನ್ನು ಅವರು ಹಿಡಿದಿದ್ದರು. ಆ ಮೂವರಿಗೂ ಮತ್ತೆ ನಕ್ಷೆ ಬರೆದುಕೊಡಲಿಲ್ಲ, ಮದುವೆಗೆ ಕರೆದರೂ ಹೋಗಲಿಲ್ಲ.

ಕಳೆದ ವರ್ಷ ಜೂನ್‌ನಲ್ಲಿ ಜಮಖಂಡಿಯ ಒಂದು ಕಾಲೇಜಿನಿಂದ ಅವರಿಗೆ ಪತ್ರ ಬಂತು. ಆಗಸ್ಟ್‌ನ ಕೈಮಗ್ಗ ದಿನಕ್ಕೆ ಬಂದು 'ನನ್ನ ಸೃಜನಶೀಲ ಬದುಕು' ಎಂಬ ವಿಷಯದ ಮೇಲೆ ಅರ್ಧ ಗಂಟೆ ಮಾತಾಡಬೇಕಂತೆ. ಪತ್ರವನ್ನು ನನಗೆ ತೋರಿಸಿ, ಹೀಗೆಂದರೇನು ಎಂದು ಕೇಳಿದರು.

"ಹೊಸಾದು ಹುಟ್ಟಸೂದ್ರಿ. ಅದು ನಿಮಗ ಹ್ಯಾಂಗ ಬರತೈತಿ ಅಂತ ಹೇಳಬೇಕು."

"ಹಂಗಾದ್ರ ಅದು ನನಗ ಗೊತ್ತೈತಿ," ಎಂದರು. ಮುಖ ಅರಳಿತ್ತು. ಅವರನ್ನು ಯಾರೂ ಅದುವರೆಗೆ ಹೀಗೆ ಕೇಳಿರಲಿಲ್ಲ.

ಒಂದು ತಿಂಗಳು ಕೂತು ಎಂಟು ಹಾಳೆ ಬರೆದರು. ಟೈಪ್ ಮಾಡಿಸಲು ನನ್ನ ಹತ್ತಿರವೇ ಬರಬೇಕಾಯಿತು. ಹಾಳೆ ಬಿಟ್ಟುಹೋಗಿ, ಸಂಜೆಗೆ ಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಒಂದೊಂದು ಸಾಲು ಓದಿ ಬರೆಸಿದರು. ಅದರ ಸಾರ ಇಷ್ಟು: ಹೊಸದು ಮನುಷ್ಯನ ಒಳಗೇ ಹುಟ್ಟುತ್ತದೆ. ಹೊರಗಿನಿಂದ ಬಂದದ್ದೆಲ್ಲ ಕಸ. ಆದ್ದರಿಂದ ಕಣ್ಣಿನ ಬಾಗಿಲು ಹಾಕಿಕೊಂಡು ಕೂರಬೇಕು. ಹುಟ್ಟಿದ್ದನ್ನು ಅರ್ಧಕ್ಕೆ ಯಾರಿಗೂ ತೋರಿಸಬಾರದು, ತೋರಿಸಿದರೆ ಅದು ಸೊರಗುತ್ತದೆ. ಹೀಗಿದೆ ಹಾಗಿದೆ ಎಂದು ಮತ್ತೊಬ್ಬರು ಆಡಿದ ಮಾತು ಒಳಗೆ ಹೊಕ್ಕರೆ ಅದು ನಮ್ಮದಾಗಿ ಉಳಿಯುವುದಿಲ್ಲ. ಬೆಳಗಿನ ಐದು ಗಂಟೆಗೆ ಎದ್ದು ಅವರು ಸುಣ್ಣ ಬಳಿದ ಖಾಲಿ ಗೋಡೆಯ ಮುಂದೆ ಕೂರುತ್ತಾರೆ, ಗೆರೆಗಳು ತಾವಾಗಿಯೇ ಮೂಡುತ್ತವೆ. ಆ ಗೋಡೆಯ ಮೇಲೆ ಮನೆಯಲ್ಲಿ ಒಂದು ಕ್ಯಾಲೆಂಡರ್ ಹಾಕಲೂ ಬಿಟ್ಟಿಲ್ಲ. ಕಡೆಯ ಸಾಲು: 'ನಲವತ್ತೈದು ವರ್ಷಗಳಿಂದ ನಾನು ಮತ್ತೊಬ್ಬರ ಸೀರೆಯನ್ನು ಕಣ್ಣೆತ್ತಿ ನೋಡಿಲ್ಲ. ನನಗೆ ಗುರುವಿಲ್ಲ.'

"ಹಂಗಾದ್ರ ಮದುವಿಯೊಳಗ ಕೂತು ಏನ್ ನೋಡ್ತೀರಿ ಕಾಕಾ?"

"ಫ್ಯಾನ್ ನೋಡ್ತೇನಿ," ಎಂದರು. ನಗಲಿಲ್ಲ.

ಟೈಪ್ ಮಾಡುತ್ತಾ ನನಗೂ ಆ ಮಾತುಗಳು ಹಿಡಿಸಿದವು, ಸುಳ್ಳು ಯಾಕೆ ಹೇಳಲಿ. ಆದರೆ ಎಲ್ಲೂ ಒಂದು ಕಲೆಯಿಲ್ಲದೆ ಅಷ್ಟು ಸ್ವಚ್ಛವಾಗಿರುವ ಮಾತು ಕಂಡರೆ ನನಗೆ ಅನುಮಾನ ಬರುತ್ತದೆ. ಅಂಗಡಿಯಲ್ಲಿ ಕೂತು ಎಷ್ಟೋ ಜನರ ಅರ್ಜಿ ಟೈಪ್ ಮಾಡಿದವನು ನಾನು.

ಇನ್ನು ದಾನೇಶ್ವರಿ. ನಕ್ಷೆ ಮಗ್ಗಕ್ಕೆ ಏರಬೇಕಾದರೆ ಅದನ್ನು ರಟ್ಟಿನ ಪಟ್ಟಿಗಳಲ್ಲಿ ತೂತುಗಳಾಗಿ ಕೊರೆಯಬೇಕು. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಪಾರಿಸಪ್ಪನವರ ಮನೆಯ ಪಡಸಾಲೆಯಲ್ಲಿ ಕೂತು ಹನ್ನೊಂದು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದವಳು ಈಕೆ. ಮೂವತ್ತರ ಹತ್ತಿರದ ಹೆಂಗಸು, ತಾಯಿ ಅನಸವ್ವನ ಜೊತೆ ನಮ್ಮ ಹಿಂದಿನ ಓಣಿಯಲ್ಲಿ ಇರುತ್ತಾಳೆ. ಮಾತು ಕಡಿಮೆ. ಪಾರಿಸಪ್ಪನವರ ನಕ್ಷೆಯನ್ನು ಪೂರ್ತಿಯಾದ ಮೇಲೆ ಕೂತು ನೋಡುವ ಅವಕಾಶ ಇದ್ದದ್ದು ಅವಳಿಗೆ ಮಾತ್ರ. ಆ ಬಿಟ್ಟ ಚುಕ್ಕಿಯ ಗುಟ್ಟೂ ಅವಳಿಗೆ ಗೊತ್ತಿತ್ತು, ಇಲ್ಲದಿದ್ದರೆ ತಪ್ಪೆಂದು ತಿದ್ದಿಬಿಡುತ್ತಿದ್ದಳು.

ಜುಲೈ ಮೊದಲ ವಾರದಲ್ಲಿ ಪಾರಿಸಪ್ಪನವರು ದಶರಥ ಎಂಬ ಮಗ್ಗದ ಮಾಲೀಕನಿಗಾಗಿ ಒಂದು ಬಳ್ಳಿಯ ದಡಿ ಬರೆದರು. ನನಗೆ ಕಂಡಿದ್ದು ಝೆರಾಕ್ಸ್ ತೆಗೆಯುವಷ್ಟು ಹೊತ್ತು ಮಾತ್ರ, ಆದರೂ ಕೈ ನಿಂತಿತು. ಎಲೆಗಳು ಒಂದನ್ನೊಂದು ತಿರುಗಿ ನೋಡುವಂತಿದ್ದವು. ಜೀವಮಾನದಲ್ಲಿ ಇಂಥದ್ದೊಂದು ಬರೆದಿಲ್ಲ ಎಂದು ಅವರೇ ಹೇಳಿದರು. ದಾನೇಶ್ವರಿ ಅದನ್ನು ರಟ್ಟಿಗೆ ಇಳಿಸಿ ಮುಗಿಸಿದ್ದಳು, ಮಗ್ಗಕ್ಕೆ ಇನ್ನೂ ಏರಿರಲಿಲ್ಲ.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಪ್ರೀತಿ ಎಂಬ ಕಾಲೇಜು ಹುಡುಗಿ ವಾಟ್ಸಾಪಿನಲ್ಲಿ ಕೆಲವು ಫೋಟೋ ಕಳಿಸಿ, ಪ್ರಾಜೆಕ್ಟಿಗೆ ಪ್ರಿಂಟ್ ಬೇಕೆಂದಳು. ನನ್ನ ಪ್ರಿಂಟರ್ ಬರೀ ಕಪ್ಪು ಬಿಳುಪಿನದು. ಎರಡೆರಡು ಪ್ರತಿ ತೆಗೆದೆ. ಒಂದು ಜೊತೆ ತೆಗೆದುಕೊಂಡು ಹೋದಳು, ಇನ್ನೊಂದನ್ನು ನಾಳೆ ಒಯ್ಯುತ್ತೇನೆಂದು ಬಿಟ್ಟಳು. ಅಷ್ಟರಲ್ಲಿ ಪಾರಿಸಪ್ಪನವರು ಬಂದರು. ಮೇಜಿನ ಮೇಲಿನ ಹಾಳೆ ನೋಡಿದರು. ಅದರಲ್ಲಿ ಯಾವುದೋ ಸೀರೆಯ ದಡಿ ದೊಡ್ಡದಾಗಿ ಕಾಣುತ್ತಿತ್ತು. ಅದೇ ಬಳ್ಳಿ. ಬೆರಳಿಟ್ಟು ಒಂದು, ಎರಡು, ಮೂರು ಎಂದು ಎಲೆ ಎಣಿಸಿದರು. ಏಳನೆಯ ಎಲೆಯ ಬಲಕ್ಕೆ ಚುಕ್ಕಿ ಇರಲಿಲ್ಲ.

ತಲೆಯೆತ್ತಿ ಮೊದಲು ಯಂತ್ರವನ್ನು ನೋಡಿದರು, ಆಮೇಲೆ ನನ್ನನ್ನು. "ನೇದೂ ಬಿಟ್ಟಾರ," ಎಂದರು. "ನಾ, ಆಕಿ, ನೀ. ಮತ್ತ ಯಾರೂ ನೋಡಿಲ್ಲ."

ಈಗ ಹೇಳುವ ಮಾತನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಎಂದೋ ಕೆಟ್ಟ ಹಾಳೆಯೊಂದು ನನ್ನ ಕಸದ ಬುಟ್ಟಿಗೆ ಬಿದ್ದಿತ್ತೇ, ಯಾರಾದರೂ ಎತ್ತಿಕೊಂಡು ಹೋದರೇ ಎಂದು ನನಗೆ ನನ್ನ ಮೇಲೇ ಸಂಶಯ ಬಂತು. ಊರಲ್ಲಿ ಗುಲ್ಲಾದರೆ ನನ್ನ ಅಂಗಡಿಗೆ ಯಾರು ಬರುತ್ತಾರೆ? ಬಾಯಿಗೆ ಬಂದದ್ದು ಅಂದುಬಿಟ್ಟೆ.

"ನನ್ನ ಕೈಯಾಗ ಎರಡು ನಿಮಿಷ ಇತ್ರಿ ಕಾಕಾ. ಆಕಿ ಕೈಯಾಗ ಎಂಟು ದಿನ ಇತ್ತು. ಆಕೀನ್ನೂ ಒಂದಿಷ್ಟು ವಿಚಾರಸ್ರಿ."

ಪ್ರೀತಿಯ ನಂಬರು ನನ್ನ ಫೋನಿನಲ್ಲೇ ಇತ್ತು. ಈ ಸೀರೆ ಎಲ್ಲಿಯದಮ್ಮಾ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಉತ್ತರ ನನ್ನ ಕಸದ ಬುಟ್ಟಿಗೇ ಬಂದು ನಿಂತರೆ ಎಂಬ ಭಯ.

ಪಾರಿಸಪ್ಪನವರು ವಿಚಾರಿಸಲಿಲ್ಲ. ಮನೆಗೆ ಹೋದವರೇ ದಾನೇಶ್ವರಿಯ ಕೈಯಿಂದ ರಟ್ಟು ಕಿತ್ತುಕೊಂಡು, ನಾಳೆಯಿಂದ ಬರಬೇಡ ಎಂದರು. ಯಾಕೆಂದು ಅವಳು ಕೇಳಿದ್ದಕ್ಕೆ, ನಿನಗೇ ಗೊತ್ತು ಎಂದರಂತೆ. ಎರಡು ದಿನದಲ್ಲಿ ಸುದ್ದಿ ಎಲ್ಲ ಓಣಿ ಸುತ್ತಿತು. ಅವಳು ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು. ದಶರಥ ಅಂತೂ, "ನಕ್ಷೆ ಕದಿಯೂ ಕೈ ನಮ್ಮ ಶೆಡ್ಡಿನ್ಯಾಗ ಬ್ಯಾಡವ್ವಾ," ಎಂದು ನಾಲ್ಕು ಜನರ ಮುಂದೆ ಅಂದ. ರಟ್ಟು ಕೊರೆಯುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅನಸವ್ವ ನನ್ನ ಅಂಗಡಿಗೆ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಬಂದವರು, "ನನ್ನ ಮಗಳು ಊಟ ಬಿಟ್ಟಾಳೋ ಗೌರೀಶ," ಎಂದು ಕಣ್ಣು ಒರೆಸಿಕೊಂಡರು. ಆ ದಿನ ನಾನೂ ಊಟ ಮಾಡಲಿಲ್ಲ.

ಹತ್ತನೆಯ ದಿನಕ್ಕೆ ಪ್ರೀತಿಗೆ ಫೋನ್ ಮಾಡಿದೆ. ಅದು ಅವಳ ಅಜ್ಜಿಯ ಸೀರೆ, ಗಲಗಲಿಯಲ್ಲಿದೆ ಎಂದಳು. ಅಜ್ಜಿ ಹೊಸದಾಗಿ ಕೊಂಡದ್ದಾ ಎಂದು ಕೇಳಿದೆ. "ಅಯ್ಯ, ನಮ್ಮವ್ವ ಹುಟ್ಟೂಕಿಂತ ಮೊದಲಿಂದ್ರಿ ಅದು," ಎಂದು ನಕ್ಕಳು.

ಪಾರಿಸಪ್ಪನವರಿಗೆ ಹೇಳಿದೆ. ನಂಬಲಿಲ್ಲ. ಹುಡುಗಿ ಸುಳ್ಳು ಹೇಳುತ್ತಾಳೆ, ನೀನೂ ಅವಳ ಜೊತೆ ಸೇರಿದ್ದೀಯ ಎಂದರು. ಸರಿ, ಹಾಗಾದರೆ ಬಂದು ಕಣ್ಣಾರೆ ನೋಡಿ ಎಂದೆ. ಮರುದಿನ ಬೆಳಿಗ್ಗೆ ನನ್ನ ಬೈಕಿನಲ್ಲಿ ಹೊರಟೆವು. ಜಮಖಂಡಿ ದಾಟಿದ ಮೇಲೆ ಎರಡೂ ಕಡೆ ಆಳೆತ್ತರದ ಕಬ್ಬು. ಗಲಗಲಿಯಲ್ಲಿ ಹೊಳೆ ತುಂಬಿ ದಂಡೆಯ ಹೊಲಗಳಿಗೆ ನೀರು ಬಂದಿತ್ತು. ಜನ ಪಂಪ್‌ಸೆಟ್ ಎತ್ತಿ ಮೇಲೆ ಸಾಗಿಸುತ್ತಿದ್ದರು.

ಪ್ರೀತಿಯ ಅಜ್ಜಿ ಇಂದ್ರವ್ವನಿಗೆ ಎಂಬತ್ತು ದಾಟಿದೆ. ಮಗಳ ಮನೆಯಲ್ಲಿದ್ದಾರೆ. ಕಣ್ಣು ಚುರುಕು. ಟ್ರಂಕಿನಿಂದ ಸೀರೆ ತೆಗೆದು ಹಾಸಿಗೆಯ ಮೇಲೆ ಹರವಿದರು. ಬಣ್ಣ ಮಾಸಿ, ಮಡಿಕೆಯಲ್ಲಿ ಅಲ್ಲಲ್ಲಿ ಸೀಳಿತ್ತು. ಐವತ್ತು ವರ್ಷದ್ದೆಂದು ಯಾರಾದರೂ ಹೇಳಬಹುದಿತ್ತು. ದಡಿಯಲ್ಲಿ ಅದೇ ಬಳ್ಳಿ ಓಡುತ್ತಿತ್ತು.

ಇಂದ್ರವ್ವ ಸೀರೆಯನ್ನಲ್ಲ, ಪಾರಿಸಪ್ಪನವರನ್ನೇ ನೋಡುತ್ತಿದ್ದರು.

"ನೀ ತೇರದಾಳದ ಪಾರಿಸ ಅಲ್ಲೇನು?"

ಪಾರಿಸಪ್ಪನವರು ಸೀರೆಯಿಂದ ತಲೆ ಎತ್ತಿ ಆಕೆಯನ್ನು ನೋಡಿದರು.

"ನಮ್ಮ ಹಿಂದಿನ ಮನಿಯಂವ. ಕಾಲೇಜು ಬಿಟ್ಟು ಎರಡು ವರ್ಷ ಖಾಲಿ ಕುಂತಿದ್ದಿ. ಸಂಜಿಮುಂದ ಬಂದು ನಮ್ಮ ಮನಿಯವರಿಗೆ ಪೇಪರ್ ಓದಿ ಹೇಳ್ತಿದ್ದಿ. ಅವರು ನೇಯ್ಕೋತ ಕೇಳ್ತಿದ್ರು. ಮುತ್ತಣ್ಣನ ಮಗ್ಗ ಅಂದ್ರ ನಿನಗ ನೆನಪಿಲ್ಲ?"

"ಪೇಪರ್ ಓದಿದ್ದು ನೆನಪೈತಿ," ಎಂದರು ಪಾರಿಸಪ್ಪನವರು. ದನಿ ಸಣ್ಣದಾಗಿತ್ತು. "ನಾ ಪೇಪರ್ ನೋಡ್ತಿದ್ದೆ. ಸೀರಿ ನೋಡಲಿಲ್ಲ."

"ಎರಡು ವರ್ಷ ಎದುರಿಗೇ ಕುಂತು?" ಮುದುಕಿ ನಕ್ಕರು. ಕೆಟ್ಟ ನಗೆಯಲ್ಲ.

ಏಳನೆಯ ಎಲೆ ತೋರಿಸಿ, ಇಲ್ಲಿ ಚುಕ್ಕಿ ಯಾಕಿಲ್ಲ ಎಂದು ನಾನೇ ಕೇಳಿದೆ. ಇಂದ್ರವ್ವ ಬಗ್ಗಿ ನೋಡಿದರು. "ಅಯ್ಯ, ಅದು ಮಗ್ಗಕ್ಕಿದ್ದ ಬ್ಯಾನಿ, ರೋಗ. ಮ್ಯಾಲ ಒಂದು ದಾರ ಹರದಿತ್ತು. ಏನ್ ಮಾಡಿದ್ರೂ ಆ ಒಂದು ಎಳಿ ಮ್ಯಾಲ ಏಳ್ತಿದ್ದಿಲ್ಲ. ಅವರು ಬೈಕೋತ ಹಂಗ ನೇಯ್ತಿದ್ರು. ಅವರ ಎಲ್ಲಾ ಸೀರಿಯೊಳಗೂ ಆ ಚುಕ್ಕಿ ಇಲ್ಲ."

ಪಾರಿಸಪ್ಪನವರು ಹಾಸಿಗೆಯ ಅಂಚಿನ ಮೇಲೆ ಕೂತರು. ಕಳ್ಳರನ್ನು ಹಿಡಿಯಲು ತಾವೇ ಕಂಡುಹಿಡಿದ ಗುರುತು ಎಂದು ಅವರು ನಂಬಿದ್ದು ಇಂದ್ರವ್ವನ ಗಂಡ ಮುತ್ತಣ್ಣನ ಮಗ್ಗದ ಹರಿದ ದಾರ. ಖಾಲಿ ಗೋಡೆಯ ಮೇಲೆ ತಾನಾಗಿ ಮೂಡಿದ ಬಳ್ಳಿ ಮುತ್ತಣ್ಣನ ಬಳ್ಳಿ. ಅವರು ನಿಜವಾಗಿ ಮರೆತಿದ್ದರೋ, ಅಥವಾ ಮರೆಯಬೇಕೆಂದೇ ಮರೆತಿದ್ದರೋ, ನನಗೆ ಈಗಲೂ ಅನುಮಾನವಿದೆ. ಬೇಕೆಂದು ಇಷ್ಟು ವರ್ಷ ಫ್ಯಾನ್ ನೋಡುತ್ತಾ ಕೂತ ಮನುಷ್ಯನಿಗೆ ಯಾವುದನ್ನು ನೋಡಬಾರದೆಂದು ಚೆನ್ನಾಗಿ ಗೊತ್ತಿರಲೇಬೇಕಲ್ಲ. ಇದನ್ನು ಅವರ ಮುಖಕ್ಕೇ ಕೇಳಬೇಕೆನಿಸಿತು. ಮುಖ ನೋಡಿದ ಮೇಲೆ ಕೇಳಲಾಗಲಿಲ್ಲ.

ವಾಪಸು ಬರುವಾಗ ಜಮಖಂಡಿಯಲ್ಲಿ ಚಹಾಕ್ಕೆ ನಿಂತೆವು. ಚಹಾ ಆರಿಹೋಯಿತು, ಅವರು ಕುಡಿಯಲಿಲ್ಲ.

"ದಾನೇಶ್ವರಿ ಕದ್ದಿಲ್ಲ ಅಂತ ಹೇಳಬೇಕಲ್ರಿ ಕಾಕಾ," ಎಂದೆ.

"ಆಕಿ ಕದ್ದಿಲ್ಲ ಅಂದ್ರ ಮತ್ತ ಯಾರು ಕದ್ರು ಅಂತ ಮಂದಿ ಕೇಳ್ತಾರ. ನಾ ಕದ್ದೇನಿ ಅನ್ನಬೇಕಾಗತೈತಿ. ನಲವತ್ತೈದು ವರ್ಷ ಬರದದ್ದೆಲ್ಲಾ ಯಾರದೋ ಅಂತಾರ."

ಅದು ನಿಜವೇ ಆಗಿತ್ತು. ಒಂದು ಕಡೆ ಆ ಹೆಂಗಸಿನ ಅನ್ನ, ಇನ್ನೊಂದು ಕಡೆ ಈ ಮನುಷ್ಯ ತನ್ನ ಬಗ್ಗೆ ಕಟ್ಟಿಕೊಂಡದ್ದೆಲ್ಲ. ಎರಡೂ ಉಳಿಯುವ ದಾರಿ ನನಗೂ ಕಾಣಲಿಲ್ಲ. ಏನೋ ನೆಪ ಹೇಳಿ ಅವಳನ್ನು ಸುಮ್ಮನೆ ವಾಪಸು ಕರೆದುಬಿಡುತ್ತಾರೆ, ವಿಷಯ ಮುಚ್ಚಿಹೋಗುತ್ತದೆ ಎಂದುಕೊಂಡೆ. ಮುಚ್ಚಿಹೋದರೆ ನನಗೂ ಅನುಕೂಲವೇ ಇತ್ತು.

ಹಾಗಾಗಲಿಲ್ಲ. ಎರಡು ದಿನ ಅವರು ಮನೆಯಿಂದ ಹೊರಬೀಳಲಿಲ್ಲ. ಮೂರನೆಯ ದಿನ ಅಂಗಡಿಗೆ ಬಂದು, ಆ ಎಂಟು ಪುಟ ಅಳಿಸಿಬಿಡು ಎಂದರು. ಅವರೆದುರಿಗೇ ಅಳಿಸಿದೆ. ಕಾಲೇಜಿಗೆ ಬರುವುದಿಲ್ಲ ಎಂದು ನಾಲ್ಕು ಸಾಲಿನ ಪತ್ರ ಬರೆಸಿದರು. ಆಮೇಲೆ ನನ್ನನ್ನೂ ಎಬ್ಬಿಸಿಕೊಂಡು ದಶರಥನ ಶೆಡ್ಡಿಗೆ ಹೋದರು. ಮಗ್ಗಗಳ ಗದ್ದಲದಲ್ಲಿ ಕೂಗಿ ಹೇಳಬೇಕಾಯಿತು. "ಈ ಬಳ್ಳಿ ದಡಿ ನಂದಲ್ಲ ದಶರಥ. ತೇರದಾಳದ ಮುತ್ತಣ್ಣಂದು. ದಾನೇಶ್ವರಿ ಏನೂ ಮಾಡಿಲ್ಲ. ನಂದ ತಪ್ಪು." ಗದ್ದಲದಲ್ಲಿ ದಶರಥನಿಗೆ ಕೇಳಿಸಲಿಲ್ಲ. ಅವನು ಮಗ್ಗಗಳನ್ನು ನಿಲ್ಲಿಸಿದ. ಶೆಡ್ಡಿನಲ್ಲಿದ್ದ ಹನ್ನೆರಡು ಜನರೂ ಇತ್ತ ತಿರುಗಿದರು. ಪಾರಿಸಪ್ಪನವರು ಮೊದಲಿನಿಂದ ಕಡೆಯವರೆಗೆ ಮತ್ತೊಮ್ಮೆ ಹೇಳಿದರು.

ಅಲ್ಲಿಂದ ದಾನೇಶ್ವರಿಯ ಮನೆಗೆ. ಅವಳು ಅಕ್ಕಿ ಆರಿಸುತ್ತಿದ್ದಳು. ಏಳಲಿಲ್ಲ, ಕೂರಿ ಎನ್ನಲೂ ಇಲ್ಲ. ಪಾರಿಸಪ್ಪನವರು ನಿಂತೇ ಗಲಗಲಿಯ ಕತೆ ಹೇಳಿದರು. ಎಲ್ಲ ಕೇಳಿದ ಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು.

"ನನ್ನ ಹೆಸರು ನಿಮಗ ಯಾರು ಹೇಳಿದ್ರು?"

"ಯಾರೂ ಇಲ್ಲ. ನಂದ ಬುದ್ಧಿ," ಎಂದರು. ನನ್ನ ಕಡೆ ನೋಡಲೂ ಇಲ್ಲ.

ಏಳು ವರ್ಷ ನನ್ನನ್ನು ಕಳ್ಳನಂತೆ ಕಂಡವರು. ಈಗ ನನ್ನ ಹೆಸರನ್ನು ಮುಚ್ಚಿಟ್ಟರು. "ನಾ ಹೇಳಿದೆ ದಾನೇಶ್ವರಿ. ನಾನ ಹೇಳಿದೆ, ನನ್ನ ಮ್ಯಾಲ ಬರತೈತಿ ಅಂತ," ಎಂದೆ. ಒಳಬಾಗಿಲಲ್ಲಿ ನಿಂತಿದ್ದ ಅನಸವ್ವ ಸೆರಗು ಬಾಯಿಗೆ ಒತ್ತಿಕೊಂಡರು.

"ಗೊತ್ತಿತ್ತು," ಎಂದಳು ದಾನೇಶ್ವರಿ. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಇವತ್ತಿನವರೆಗೂ ನನ್ನ ಅಂಗಡಿ ಮೆಟ್ಟಿಲು ಹತ್ತಿಲ್ಲ. ಅದಕ್ಕೆ ನಾನು ಅವಳನ್ನು ದೂರುವುದಿಲ್ಲ.

"ಮತ್ತ ಬಾ ಅಂತ ಕರಿಯಾಕ ಬಂದೇನಿ," ಎಂದರು ಪಾರಿಸಪ್ಪನವರು.

"ಕಳ್ಳಿ ಅಂದಿದ್ದು ಒಂದು ದಿನದ ಮಾತ್ರಿ ಕಾಕಾ, ಅದನ್ನ ಮರೀಬಹುದು. ಹನ್ನೊಂದು ವರ್ಷ ನಿಮ್ಮ ಒಂದೊಂದು ಚುಕ್ಕಿ ನನ್ನ ಕೈಲೇ ತೂತು ಹೊಡದೇನಿ. ಇದು ಹ್ಯಾಂಗೈತಿ ದಾನೇಶ್ವರಿ ಅಂತ ಒಂದ ದಿನ ಕೇಳಲಿಲ್ಲ ನೀವು. ಅದು ನನ್ನ ಮನಸಿಗೆ ಚುಚ್ಚೈತಿ."

ಪಾರಿಸಪ್ಪನವರು ಅಂಗಿಯ ಎರಡು ಗುಂಡಿ ಬಿಚ್ಚಿ ಒಂದು ಹಾಳೆ ತೆಗೆದರು. ಬೆಳಿಗ್ಗೆ ಬರೆಯಲು ಹಿಡಿದದ್ದಿರಬೇಕು, ಅರ್ಧವೂ ತುಂಬಿರಲಿಲ್ಲ. ಅಲ್ಲಲ್ಲಿ ಅಳಿಸಿದ ಕಲೆಗಳಿದ್ದವು. ಅಕ್ಕಿಯ ಮೊರದ ಪಕ್ಕದಲ್ಲಿ ಇಟ್ಟರು.

"ಇದು ಹ್ಯಾಂಗೈತಿ?"

ಅವಳು ಕೈ ಒರೆಸಿಕೊಂಡು ಹಾಳೆ ಎತ್ತಿ ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು. "ಒಮ್ಮಿಗೇ ಹೇಳಾಕ ಬರಾಂಗಿಲ್ರಿ. ಇಲ್ಲೇ ಬಿಟ್ಟು ಹೋಗ್ರಿ. ನಾಳೆ ಹೇಳ್ತೇನಿ."

ಬಿಟ್ಟು ಹೋಗಿ ಎಂದಾಗ ಅವರ ಕೈ ತಾನಾಗಿಯೇ ಹಾಳೆಯ ಕಡೆ ಹೋದದ್ದನ್ನು ನಾನು ನೋಡಿದೆ. ಅವಳೂ ನೋಡಿದಳು. ಅವರು ಆ ಕೈಯಿಂದ ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ಬಂದರು.

ಓಣಿಯ ತಿರುವಿನಲ್ಲಿ ನಿಂತುಬಿಟ್ಟರು. ತಿರುಗಿ ಆ ಮನೆಯ ಬಾಗಿಲನ್ನು ನೋಡಿದರು.

"ಗೌರೀಶ, ಆಕಿ ಅದರ ಫೋಟೋ ತಗೊಂಡಿರ್ತಾಳೇನು?"

"ತಗೊಂಡಿದ್ರೂ ಇರಬಹುದ್ರಿ."

ಹಾಳೆ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲಿ ಅಂಗಿಯನ್ನು ಮುಟ್ಟಿ ನೋಡಿಕೊಂಡರು.

"ತಗೊಳ್ಳಲಿ," ಎಂದರು. ಹಾಗೆಂದ ಮೇಲೂ ಅವರ ಕಾಲು ಅಲ್ಲಿಂದ ಏಳಲು ಐದು ನಿಮಿಷ ಹಿಡಿಯಿತು.